ಓಪನ್ ಫೈಲ್ ಕೊಟ್ಟವರು

ಡಿಸೈನ್ ಕೆಲಸದವರು ಗಿರಾಕಿಗೆ ಎಲ್ಲವನ್ನೂ ಕೊಡುತ್ತಾರೆ, ಓಪನ್ ಫೈಲ್ ಒಂದನ್ನು ಬಿಟ್ಟು. ಹುಬ್ಬಳ್ಳಿಯ ಡಿಟಿಪಿ ಅಂಗಡಿಯಲ್ಲಿ ನಾನು ಕೆಲಸ ಕಲಿತದ್ದು ಈ ನಿಯಮದ ಅಡಿಯಲ್ಲೇ. ಲಗ್ನಪತ್ರಿಕೆಯ ಪ್ರಿಂಟ್ ಕೊಡು, ಪಿಡಿಎಫ್ ಕೊಡು, ಕೇಳಿದರೆ ಜೆಪೆಗ್ ಕೂಡ ಕೊಡು. ಅಕ್ಷರ, ಬಳ್ಳಿ, ಗಣಪತಿ, ಹಿನ್ನೆಲೆ ಎಲ್ಲ ಬೇರೆ ಬೇರೆ ಲೇಯರಿನಲ್ಲಿ ಕೂತಿರುವ ಮೂಲ ಫೈಲನ್ನು ಮಾತ್ರ ಕೈಬಿಡಬೇಡ ಎಂದು ಅಂಗಡಿಯ ಹಿರಿಯರು ಹೇಳುತ್ತಿದ್ದರು. ಅದು ಹೋದರೆ ಆ ಮನೆಯ ಮುಂದಿನ ಮದುವೆಗೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ, ಹೆಸರು ಬದಲಿಸಿ, ಅಲ್ಲೇ ಪ್ರಿಂಟ್ ಹಾಕಿಸುತ್ತಾನೆ. ಈ ಅಂಜಿಕೆ ಸುಳ್ಳಲ್ಲ, ಹೊಟ್ಟೆಪಾಡಿನ ಲೆಕ್ಕ. ಇದೇ ಲೆಕ್ಕ ಚೆನ್ನಾಗಿ ಗೊತ್ತಿದ್ದೂ ತಮ್ಮ ಓಪನ್ ಫೈಲುಗಳನ್ನು ಊರಿಗೆಲ್ಲ ಬಿಚ್ಚಿಟ್ಟ ಕೆಲವರಿದ್ದಾರೆ. ಅವರ ಚರಿತ್ರೆ ನನ್ನ ಕಸುಬಿನವರಿಗೆ ಗೊತ್ತಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಅವರು ಹಂಚಿದ್ದು ಸೆಕೆಂಡ್ ಲೈಫ್ ಎಂಬ ಕಂಪ್ಯೂಟರ್ ಲೋಕದಲ್ಲಿ ಬಳಕೆದಾರರ ಅವತಾರಗಳು ತೊಡುವ ಉಡುಪಿನ ಮೂಲ ಫೈಲುಗಳನ್ನು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫಿಲಿಪ್ ರೋಸ್‌ಡೇಲ್ 1999ರಲ್ಲಿ ಕಟ್ಟಿದ ಲಿಂಡೆನ್ ಲ್ಯಾಬ್ ಕಂಪನಿ 2003ರ ಜೂನ್ 23ರಂದು ಸೆಕೆಂಡ್ ಲೈಫನ್ನು ಸಾರ್ವಜನಿಕರಿಗೆ ತೆರೆಯಿತು. ಅದರಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಮನೆ, ಮರ, ಕುರ್ಚಿ, ಚಪ್ಪಲಿ, ಎಲ್ಲವನ್ನೂ ಒಳಗೆ ಬಂದ ಜನರೇ ಮಾಡಬೇಕು. ಅದೇ ವರ್ಷದ ನವೆಂಬರಿನಲ್ಲಿ ಕಂಪನಿ ಒಂದು ದೊಡ್ಡ ಘೋಷಣೆ ಮಾಡಿತು: ಇಲ್ಲಿ ನೀವು ಮಾಡಿದ್ದರ ಬೌದ್ಧಿಕ ಹಕ್ಕು ನಿಮ್ಮದೇ. ಬಹುತೇಕ ಆಟಗಳು ಆಡುವವರಿಗೆ ಇಂಥ ಹಕ್ಕು ಕೊಡದಿದ್ದ ಕಾಲ ಅದು. ಈ ಘೋಷಣೆಯ ಬಗ್ಗೆ ಬರೆದವರು ಹೆಚ್ಚಾಗಿ ವ್ಯಾಪಾರದ ಮಾತನ್ನೇ ಆಡಿದ್ದಾರೆ. ಅಲ್ಲಿನ ನಾಣ್ಯವಾದ ಲಿಂಡೆನ್ ಡಾಲರ್, ಅದನ್ನು ನಿಜವಾದ ಡಾಲರಿಗೆ ಬದಲಿಸುವ ಸಂತೆ, ಅದರಿಂದ ಸಂಸಾರ ಸಾಗಿಸಿದ ಹೆಣ್ಣುಮಕ್ಕಳು. ಅದೆಲ್ಲ ನಿಜವೇ. ಆದರೆ ತನ್ನದಾದದ್ದನ್ನು ಮಾರುವ ಹಕ್ಕು ಬಂದಾಗ ಕೊಟ್ಟುಬಿಡುವ ಹಕ್ಕೂ ಜೊತೆಗೆ ಬರುತ್ತದೆ. ನನ್ನ ಕಥೆ ಆ ಎರಡನೆಯ ಹಕ್ಕಿನದು.

ಆಗಿನ ಉಡುಪು ಹೇಗಿತ್ತೆಂದು ಮೊದಲು ಹೇಳಬೇಕು. ಎಲ್ಲ ಅವತಾರಗಳಿಗೂ ಒಂದೇ ಅಚ್ಚಿನ ದೇಹ. ಆ ದೇಹದ ಚರ್ಮವನ್ನು ಬಿಡಿಸಿ ಹರವಿದರೆ ತಲೆಗೊಂದು, ಸೊಂಟದ ಮೇಲಕ್ಕೊಂದು, ಸೊಂಟದ ಕೆಳಕ್ಕೊಂದು ಹಾಳೆ ಸಿಗುತ್ತದೆ. ಕೊನೆಗೆ ತೆರೆಯ ಮೇಲೆ ಕಾಣುವಾಗ ಪ್ರತಿ ಹಾಳೆಯ ಅಳತೆ ಆಗ 512 ಪಿಕ್ಸೆಲ್ ಅಗಲ, 512 ಪಿಕ್ಸೆಲ್ ಎತ್ತರ. ಈ ಚೌಕದಲ್ಲಿ ಬಿಡಿಸಿದ ಚಿತ್ರವೇ ಅಂಗಿ, ಅದೇ ಕುಪ್ಪಸ, ಅದೇ ಪ್ಯಾಂಟು. ಬಟ್ಟೆ ಎನ್ನುವುದು ಮೈಗೆ ಬಳಿದ ಬಣ್ಣ, ಅಷ್ಟೇ. ಬಟ್ಟೆ ಎಲ್ಲಿ ಮುಗಿದು ಮೈ ಎಲ್ಲಿ ಕಾಣಬೇಕು ಎಂಬುದನ್ನು ಚಿತ್ರದ ಆಲ್ಫಾ ಚಾನೆಲ್ ಹೇಳುತ್ತದೆ.

ಕೇಳುವುದಕ್ಕೆ ಸುಲಭ, ಕೂತು ಮಾಡಿದರೆ ಕಷ್ಟ. ಹಾಳೆಯಲ್ಲಿ ನೆಟ್ಟಗೆ ಎಳೆದ ಗೆರೆ ಭುಜದ ಮೇಲೆ ಡೊಂಕಾಗುತ್ತದೆ. ಎದೆಯ ಭಾಗದ ಪಟ್ಟೆ ಕಂಕುಳ ಬದಿಗೆ ಬಂದಾಗ ಬೆನ್ನಿನ ಪಟ್ಟೆಯನ್ನು ಕೂಡುವುದಿಲ್ಲ. ಅಂಗಿಯ ಕೆಳ ಅಂಚು ಮೇಲಿನ ಹಾಳೆಯಲ್ಲಿ, ಪ್ಯಾಂಟಿನ ಪಟ್ಟಿ ಕೆಳಗಿನ ಹಾಳೆಯಲ್ಲಿ. ಎರಡರ ಬಣ್ಣ ಒಂದು ಎಳೆಯಷ್ಟು ತಪ್ಪಿದರೂ ಸೊಂಟದ ಸುತ್ತ ಗೀರು ಕಾಣುತ್ತದೆ. ಕಂಪನಿ ಕೊಟ್ಟಿದ್ದ ಟೆಂಪ್ಲೇಟು ತೀರಾ ಬರಿದಾಗಿತ್ತು. ಈ ಕೊರತೆ ತುಂಬಿದವರು ಬಳಕೆದಾರರಲ್ಲೇ ಇದ್ದ ಇಬ್ಬರು. ಅಲ್ಲಿನ ಹೆಸರಿನಲ್ಲಿ ಒಬ್ಬರು ಚಿಪ್ ಮಿಡ್‌ನೈಟ್, ಇನ್ನೊಬ್ಬರು ರಾಬಿನ್ ಸೊಜರ್ನರ್. ಈ ರಾಬಿನ್ ಅವರು ಟ್ಯಾರೋ ಕಾರ್ಡುಗಳ ಚಿತ್ರಗಳಿಂದ ಹೊರಗಿನ ಲೋಕದಲ್ಲೂ ಹೆಸರಾದ ಚಿತ್ರಕಲಾವಿದೆ ರಾಬಿನ್ ವುಡ್. ಇಬ್ಬರೂ ದೇಹದ ಹಾಳೆಗಳನ್ನು ಕೂಲಂಕಷವಾಗಿ ಅಳೆದು, ಫೋಟೋಶಾಪಿನ ಪಿಎಸ್‌ಡಿ ರೂಪದಲ್ಲಿ ಟೆಂಪ್ಲೇಟ್ ಮಾಡಿ, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಬಿಟ್ಟರು. ದೇಹದ ಗೆರೆಗಳು ಒಂದು ಲೇಯರಿನಲ್ಲಿ, ಯಾವ ಅಂಚು ಯಾವುದಕ್ಕೆ ಕೂಡುತ್ತದೆ ಎಂಬ ಗುರುತುಗಳು ಇನ್ನೊಂದರಲ್ಲಿ. ಫೋಟೋಶಾಪ್ ಕೊಳ್ಳಲು ಆಗದವರು ಅದೇ ಫೈಲನ್ನು ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ತೆರೆಯುತ್ತಿದ್ದರು. ರಾಬಿನ್ ಅಷ್ಟಕ್ಕೇ ನಿಲ್ಲದೆ ಪಾಠಗಳನ್ನೂ ಬರೆದರು. ಬಟ್ಟೆಯ ಅಂಚಿಗೆ ಬಿಳಿ ಪ್ರಭಾವಳಿಯಂತೆ ಮೂಡುತ್ತಿದ್ದ ಗೆರೆಯನ್ನು ಕಳೆಯುವುದು ಹೇಗೆಂದು ಎಷ್ಟೋ ಜನ ಕಲಿತದ್ದು ಅವರಿಂದ. ಬಟ್ಟೆಯ ಬಣ್ಣವನ್ನು ಆಲ್ಫಾ ಗಡಿಯ ಆಚೆಗೂ ಸ್ವಲ್ಪ ಹರಡಬೇಕು, ಆಗ ಗೆರೆ ಹೋಗುತ್ತದೆ. ಎರಡು ಸಾಲಿನ ಗುಟ್ಟು ಅದು. ಬಚ್ಚಿಟ್ಟುಕೊಂಡು ವ್ಯಾಪಾರ ಮಾಡಬಹುದಿತ್ತು, ಅವರು ಮಾಡಲಿಲ್ಲ.

ನಾನು ಅಂಥದೊಂದು ಟೆಂಪ್ಲೇಟಿನ ಮೇಲೆ ಇಳಕಲ್ ಸೀರೆ ಮಾಡಲು ಕೂತವಳು. ನಮ್ಮ ಕಡೆಯ ಮನೆಗಳಲ್ಲಿ ಇಳಕಲ್ ಸೀರೆ ಇಲ್ಲದ ಟ್ರಂಕ್ ಇರುವುದಿಲ್ಲ, ಆದ್ದರಿಂದ ಬೇರೆ ಸೀರೆ ನನಗೆ ಹೊಳೆಯಲೇ ಇಲ್ಲ. ಸೆಕೆಂಡ್ ಲೈಫಿನ ದೇಹಕ್ಕೆ ಸೀರೆಯಷ್ಟು ಒಗ್ಗದ ಉಡುಪು ಇನ್ನೊಂದಿಲ್ಲ. ಅಲ್ಲಿನ ಹಾಳೆಗಳು ಮೈಗೆ ಅಂಟಿದ ಬಟ್ಟೆಗೆಂದು ಮಾಡಿದವು. ಸೀರೆಯೋ ಹೊಲಿಗೆಯೇ ಇಲ್ಲದೆ ಸುತ್ತುವ ಬಟ್ಟೆ. ಕೆಳಗಿನ ಹಾಳೆಯಲ್ಲಿ ಬಿಡಿಸಿದರೆ ಎರಡು ಕಾಲಿಗೂ ಬೇರೆ ಬೇರೆ ಬಣ್ಣ ಬಳಿದು ಸೀರೆ ಹೋಗಿ ಪ್ಯಾಂಟಾಗುತ್ತದೆ. 2006ರಲ್ಲಿ ಗಾಳಿಗೆ ತೂಗುವ ಫ್ಲೆಕ್ಸಿ ಪ್ರಿಮ್‌ಗಳು (ಪ್ರಿಮ್ ಎಂದರೆ ಅಲ್ಲಿ ವಸ್ತು ಕಟ್ಟುವ ಮೂಲ ಆಕಾರ) ಬಂದಿದ್ದರಿಂದ ನೆರಿಗೆಯನ್ನೂ ಸೆರಗನ್ನೂ ಅವುಗಳಿಂದ ಕಟ್ಟಿ ಸೊಂಟಕ್ಕೆ, ಭುಜಕ್ಕೆ ತಗುಲಿಸುವ ದಾರಿ ಸಿಕ್ಕಿತು. ಕೆಂಪು ತೋಪ ತೆನಿ ನಕ್ಷೆಯ ಸೆರಗು ಚಪ್ಪಟೆ ಪ್ರಿಮ್ ಮೇಲೆ ಚೆನ್ನಾಗಿಯೇ ಕೂತಿತು. ಕಾಡಿದ್ದು ಎದೆಯ ಮೇಲಿನ ಓರೆ ಮಡಿಕೆ ಮತ್ತು ಒಡಲಿನ ಸಣ್ಣ ಚೌಕುಳಿ. ಹೂವಿನ ನಕ್ಷೆಯಾಗಿದ್ದರೆ ಸೊಟ್ಟ ಮುಚ್ಚಿಹೋಗುತ್ತಿತ್ತು. ಚೌಕುಳಿ ಏನನ್ನೂ ಮುಚ್ಚುವುದಿಲ್ಲ. ದೇಹದ ಬದಿಗೆ ಹೋಗುತ್ತಿದ್ದಂತೆ ಚೌಕ ಹಿಗ್ಗಿ ಪಕ್ಕಕ್ಕೆ ವಾಲುತ್ತದೆ. ಎಲ್ಲಿ ಎಷ್ಟು ಹಿಗ್ಗುತ್ತದೆ ಎಂಬುದು ಟೆಂಪ್ಲೇಟಿನ ಗೆರೆಗಳ ಲೇಯರಿನಲ್ಲಿ ಕಾಣುತ್ತಿತ್ತು. ಅದನ್ನು ಮೇಲಿಟ್ಟುಕೊಂಡು, ಬದಿಯ ಚೌಕಗಳನ್ನು ಮೊದಲೇ ಕಿರಿದು ಮಾಡಿ ಬಿಡಿಸಿದರೆ ಮೈಮೇಲೆ ಸರಿಯಾಗಿ ಕೂಡುತ್ತವೆ. ಎಡ ಭುಜ ಹತ್ತುವ ದಡಿ ಬೆನ್ನ ಕಡೆ ಎಲ್ಲಿ ಇಳಿಯಬೇಕು ಎಂಬುದನ್ನೂ ಆ ಗುರುತುಗಳೇ ತೋರಿಸಿದವು. ಎಲ್ಲೋ ದೂರದ ಅಮೆರಿಕದಲ್ಲಿ ಕೂತು, ಇಳಕಲ್ ಸೀರೆಯ ಹೆಸರನ್ನೇ ಬಹುಶಃ ಕೇಳಿರದ ಒಬ್ಬರು ಹಂಚಿದ ಫೈಲು ನನ್ನ ಸೀರೆಯ ಚೌಕುಳಿಯನ್ನು ನೆಟ್ಟಗೆ ನಿಲ್ಲಿಸಿತು.

ಒಂದು ಚಿತ್ರ ಒಳಗೆ ಕಳಿಸಲು ಹತ್ತು ಲಿಂಡೆನ್ ಡಾಲರ್ ಆಗುತ್ತಿತ್ತು. ಮೊತ್ತ ಸಣ್ಣದು, ಆದರೆ ಪದೇ ಪದೇ ತಿದ್ದುವವರಿಗೆ ಹೊರೆಯೇ. ಅದಕ್ಕೆ ಜನ ಪರೀಕ್ಷೆಗೆಂದೇ ಇದ್ದ ಇನ್ನೊಂದು ಗ್ರಿಡ್‌ಗೆ, ಅಂದರೆ ಸರ್ವರ್ ಜಾಲಕ್ಕೆ, ಹೋಗಿ ಬಟ್ಟೆ ತೊಟ್ಟು ನೋಡುತ್ತಿದ್ದರು. ಅಲ್ಲಿ ಖರ್ಚಾಗುವುದು ನಿಜವಾದ ಹಣವಲ್ಲ. ಆ ಗ್ರಿಡ್‌ನ ಹೆಸರು ಅದಿತಿ, ಮುಖ್ಯ ಗ್ರಿಡ್‌ನ ಹೆಸರು ಅಗ್ನಿ. ಕಂಪನಿಯವರು ತಮ್ಮ ಗ್ರಿಡ್‌ಗಳಿಗೆ ನಮ್ಮ ದೇವತೆಗಳ ಹೆಸರಿಟ್ಟಿದ್ದರು.

ಟೆಂಪ್ಲೇಟ್ ಕೊಡುವುದು ಒಂದು ಮಟ್ಟದ ಔದಾರ್ಯ. ಮುಗಿದ ಕೆಲಸದ ಓಪನ್ ಫೈಲನ್ನೇ ಕೊಡುವುದು ಅದಕ್ಕಿಂತ ದೊಡ್ಡದು. ಎಲೋ ಎಲಿಯಟ್ ಎಂಬ ಹೆಸರಿನ ಕಲಾವಿದೆ ಮಾಡಿದ್ದು ಅದನ್ನೇ. ಬಟ್ಟೆಯ ಕೆಳಗಿರುವ ಚರ್ಮದ ಚಿತ್ರಗಳಲ್ಲಿ ಆಕೆಯದು ಪಳಗಿದ ಕೈ. ಒಳ್ಳೆಯ ಚರ್ಮಗಳು ಅಲ್ಲಿ ದುಬಾರಿ ಸರಕಾಗಿದ್ದ ಆ ದಿನಗಳಲ್ಲಿ ಆಕೆ ತನ್ನ ಸ್ಟಾರ್‌ಲೈಟ್ ಮುಂತಾದ ಚರ್ಮಗಳ ಪಿಎಸ್‌ಡಿ ಫೈಲುಗಳನ್ನು ಲೇಯರುಗಳ ಸಮೇತ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹೊರಗೆ ಬಿಟ್ಟಳು. ಅಂಥ ಫೈಲ್ ತೆರೆದು ಒಂದೊಂದೇ ಲೇಯರಿನ ಕಣ್ಣು ಮುಚ್ಚುತ್ತ ಹೋಗಿ ನೋಡಬೇಕು. ನೆರಳು ಆರಿಸಿದರೆ ದೇಹ ಚಪ್ಪಟೆಯಾಗುತ್ತದೆ, ಹೊಳಪು ಆರಿಸಿದರೆ ಮಂಕಾಗುತ್ತದೆ. ಯಾವ ಗುರುವೂ ಬಾಯಿಮಾತಿನಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿಕೊಡಲಾರ. ಆಕೆಯ ಚರ್ಮಗಳನ್ನು ತಿದ್ದಿ ಎಷ್ಟೋ ಜನ ಹೊಸ ಚರ್ಮಗಳನ್ನು ಮಾಡಿದರು.

ಇಲ್ಲೊಂದು ವ್ಯತ್ಯಾಸ ಹೇಳಲೇಬೇಕು. ಸೆಕೆಂಡ್ ಲೈಫಿನಲ್ಲಿ ಪ್ರತಿ ವಸ್ತುವಿಗೂ ಮೂರು ಅನುಮತಿಗಳಿರುತ್ತವೆ: ನಕಲು ಮಾಡಬಹುದೇ, ತಿದ್ದಬಹುದೇ, ಇನ್ನೊಬ್ಬರಿಗೆ ದಾಟಿಸಬಹುದೇ. ಮೂರೂ ಇದ್ದರೆ ಅದು ಫುಲ್ ಪರ್ಮ್. ಯಾಡ್‌ನೀಸ್ ಜಂಕ್‌ಯಾರ್ಡ್‌ನಂಥ ಜಾಗಗಳಲ್ಲಿ ಹೊಸಬರಿಗೆ ಪೆಟ್ಟಿಗೆಗಟ್ಟಲೆ ಬಟ್ಟೆ ಪುಕ್ಕಟೆ ಸಿಗುತ್ತಿತ್ತು, ಅದರಲ್ಲಿ ಎಷ್ಟೋ ಫುಲ್ ಪರ್ಮ್. ಅದೂ ಒಳ್ಳೆಯದೇ. ಆದರೆ ಒಳಗೆ ಕಳಿಸಿದ ಚಿತ್ರ ಜೆಪೆಗ್ 2000 ರೂಪಕ್ಕೆ ಇಳಿದು ಲೇಯರುಗಳೆಲ್ಲ ಒಂದಾಗಿ ಒತ್ತಿಹೋಗಿರುತ್ತವೆ. ಫುಲ್ ಪರ್ಮ್ ಅಂಗಿಯನ್ನು ಹಂಚಬಹುದು, ಅದರ ಬಣ್ಣ ಮಾರ್ಪಡಿಸಬಹುದು; ಅದರ ಮಡಿಕೆಯ ನೆರಳನ್ನು ಬಿಡಿಸಿ ತೆಗೆದು ಇನ್ನೊಂದು ಅಂಗಿಗೆ ಹಾಕಲಾಗುವುದಿಲ್ಲ. ಫುಲ್ ಪರ್ಮ್ ಕೊಟ್ಟವರು ಬಟ್ಟೆ ಕೊಟ್ಟರು, ಪಿಎಸ್‌ಡಿ ಕೊಟ್ಟವರು ಕಸುಬು ಕೊಟ್ಟರು. ಪುಕ್ಕಟೆ ಸಿಕ್ಕಿದ್ದನ್ನು ಹಾಗೆಯೇ ಬೆಲೆ ಅಂಟಿಸಿ ಮಾರಿದವರೂ ಇದ್ದರು. ಅದು ಹಂಚಿದವರ ಮನಸ್ಸನ್ನು ಬಹಳ ನೋಯಿಸಿತು.

2006ರ ನವೆಂಬರಿನಲ್ಲಿ ಕಾಪಿಬಾಟ್ ಬಂತು. ಲಿಬ್‌ಸೆಕೆಂಡ್‌ಲೈಫ್ ಎಂಬ ಪ್ರೋಗ್ರಾಮರುಗಳ ಗುಂಪಿನಿಂದ ಹೊರಬಿದ್ದ ಆ ಸಾಧನ ಎದುರಿಗೆ ನಿಂತವರ ಉಡುಪು, ವಸ್ತುಗಳನ್ನು ಅನುಮತಿ ಇಲ್ಲದೆ ನಕಲು ಮಾಡಬಲ್ಲದಾಗಿತ್ತು. ವ್ಯಾಪಾರಿಗಳು ಪ್ರತಿಭಟಿಸಿ ಅಂಗಡಿ ಮುಚ್ಚಿದರು. ಹಾಗೆ ನಕಲು ಮಾಡುವುದು ನಿಯಮ ಉಲ್ಲಂಘನೆ ಎಂದು ಕಂಪನಿ ಸಾರಿತು. ಆದರೆ ತೆರೆಯ ಮೇಲೆ ಕಾಣಬೇಕಾದ ಚಿತ್ರ ನೋಡುವವರ ಕಂಪ್ಯೂಟರಿಗೆ ಬಂದೇ ತೀರಬೇಕು. ಬಂದದ್ದನ್ನು ಎತ್ತಿಟ್ಟುಕೊಳ್ಳುವುದನ್ನು ಪೂರ್ತಿ ತಡೆಯಲಾಗದು. ಆ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿ ಇದು: ಕಾಪಿಬಾಟ್‌ಗೆ ಸಿಕ್ಕುತ್ತಿದ್ದುದು ಒತ್ತಿದ ಚಿತ್ರ ಮಾತ್ರ, ಲೇಯರುಗಳಲ್ಲ. ಮೂಲ ಫೈಲ್ ಇಟ್ಟುಕೊಂಡವರಿಗೆ ಅದು ತಮ್ಮ ಕರ್ತೃತ್ವಕ್ಕೆ ಗಟ್ಟಿ ಸಾಕ್ಷಿ. ಮೂಲ ಫೈಲನ್ನೇ ಹೆಸರು ಹಾಕಿ ಹಂಚಿದವರಿಂದ ಕದಿಯಲು ಏನೂ ಉಳಿದಿರಲಿಲ್ಲ, ಅದು ಯಾರ ಕೆಲಸ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಅದೇ 2006ರಲ್ಲಿ ಅಮೆರಿಕನ್ ಅಪ್ಯಾರಲ್ ಎಂಬ ನಿಜವಾದ ಉಡುಪಿನ ಕಂಪನಿ ಅಲ್ಲಿ ಅಂಗಡಿ ತೆರೆಯಿತು, ಮರುವರ್ಷವೇ ಮುಚ್ಚಿತು. ಆದರೆ ರಾಬಿನ್ ವುಡ್ ಅವರ ಟೆಂಪ್ಲೇಟಿನ ಮೇಲೆ ಬಟ್ಟೆ ಬಿಡಿಸುವವರು ಆಮೇಲೂ ವರ್ಷಗಟ್ಟಲೆ ಇದ್ದರು.

2011ರ ಆಗಸ್ಟಿನಲ್ಲಿ ಮೆಶ್ ಬಂತು, ಬಣ್ಣದ ಕಾಲ ಮುಗಿಯುತ್ತ ಹೋಯಿತು. ಬ್ಲೆಂಡರ್, ಮಾಯಾ ಮುಂತಾದ ತಂತ್ರಾಂಶಗಳಲ್ಲಿ ಮೂರು ಆಯಾಮದ ಬಟ್ಟೆ ಕಟ್ಟಿ, ಅವತಾರದ ಎಲುಬುಗಳಿಗೆ ಬಿಗಿದು, ಕೊಲಾಡಾ ಫೈಲಾಗಿ ಒಳಗೆ ಕಳಿಸಬಹುದಾಯಿತು. ಇಡೀ ಉಡುಪೇ ಮೈಯಿಂದ ಬೇರೆಯಾಗಿ ನಿಂತಿತು. ಅಂದ ಹೆಚ್ಚಿತು, ನಿಜ. ಆದರೆ ಎಲ್ಲರಿಗೂ ಒಂದೇ ದೇಹ ಎಂಬ ನೆಲಗಟ್ಟು ಒಡೆಯಿತು. 2014ರಲ್ಲಿ ದೇಹದ ಆಕಾರಕ್ಕೆ ಹೊಂದಿಕೊಳ್ಳುವ ಫಿಟೆಡ್ ಮೆಶ್ ಬಂದ ಮೇಲೆ ಖಾಸಗಿಯವರು ಮಾಡಿದ ಮೆಶ್ ದೇಹಗಳ ಮಾರಾಟ ಹೆಚ್ಚಿತು. ಒಂದೊಂದು ದೇಹಕ್ಕೂ ಬಟ್ಟೆಯನ್ನು ಬೇರೆಯಾಗಿ ಅಳವಡಿಸಬೇಕು, ಅದಕ್ಕೆ ಆ ದೇಹದ ಡೆವಲಪರ್ ಕಿಟ್ ಬೇಕು, ಕೆಲವು ಕಿಟ್‌ಗಳಿಗೆ ಅರ್ಜಿ ಹಾಕಿ ಒಪ್ಪಿಗೆಗೆ ಕಾಯಬೇಕು. ಹಿಂದೆ ಯಾರನ್ನೂ ಕೇಳದೆ ಕಲಿಯಬಹುದಾಗಿದ್ದ ಕೆಲಸಕ್ಕೆ ಬಾಗಿಲು ಬಂತು, ಬಾಗಿಲಿಗೆ ಕಾವಲು ಬಂತು. ದೇಹ ಕಟ್ಟಿದವರ ಶ್ರಮಕ್ಕೆ ಬೆಲೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಈ ಬದಲಾವಣೆ ಕಲಿಯುವವರಿಗೆ ಅನ್ಯಾಯ ಮಾಡಿತು ಎಂಬುದೇ ನನ್ನ ಅಭಿಪ್ರಾಯ. ಅದಕ್ಕೂ ಮೊದಲು, 2013ರಲ್ಲಿ, ಲಿಂಡೆನ್ ಲ್ಯಾಬ್ ಕಂಪನಿ ತನ್ನ ಸೇವಾ ನಿಯಮಗಳನ್ನು ಬದಲಿಸಿ ಒಳಗೆ ಕಳಿಸಿದ್ದರ ಮೇಲೆ ಬಹಳ ವಿಶಾಲವಾದ ಹಕ್ಕು ಬರೆದುಕೊಂಡಿತು. ಇದೇ ಕಾರಣಕ್ಕೆ ಬಟ್ಟೆ, ಚರ್ಮ, ಲೋಹಗಳ ಫೋಟೋ ಒದಗಿಸುತ್ತಿದ್ದ ಸಿಜಿಟೆಕ್ಸ್ಚರ್ಸ್ ತನ್ನ ಚಿತ್ರಗಳನ್ನು ಸೆಕೆಂಡ್ ಲೈಫಿನಲ್ಲಿ ಬಳಸಬಾರದು ಎಂದಿತು. ಮರುವರ್ಷ ಕಂಪನಿ ನಿಯಮದ ಮಾತುಗಳನ್ನು ತಿದ್ದಿತು.

ಹಂಚುವ ಪದ್ಧತಿ ಬಹುಮಟ್ಟಿಗೆ ಓಪನ್‌ಸಿಮ್ಯುಲೇಟರ್ ಲೋಕಗಳಿಗೆ ಸರಿಯಿತು. 2007ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶದಿಂದ ಯಾರು ಬೇಕಾದರೂ ತಮ್ಮದೇ ಸಣ್ಣ ಲೋಕ ಕಟ್ಟಿಕೊಳ್ಳಬಹುದು. ಲಿಂಡಾ ಕೆಲ್ಲಿ ಎಂಬ ಹೆಸರಿನವರು ಅಲ್ಲಿಗೆಂದು ಬಟ್ಟೆ, ಮನೆ, ಪೀಠೋಪಕರಣಗಳನ್ನು ರಾಶಿ ರಾಶಿಯಾಗಿ ಮಾಡಿ, ಯಾವ ಷರತ್ತನ್ನೂ ಹಾಕದೆ ಬಿಟ್ಟರು. ಆಕೆ ಆ ಕೆಲಸ ನಿಲ್ಲಿಸಿದ ಮೇಲೂ ಆ ವಸ್ತುಗಳು ಗ್ರಿಡ್‌ನಿಂದ ಗ್ರಿಡ್‌ಗೆ ಹೋಗುತ್ತಲೇ ಇವೆ, ಏಕೆಂದರೆ ಯಾರ ಅಪ್ಪಣೆಯೂ ಬೇಕಿಲ್ಲ. ಆಮೇಲೆ ಶಿನ್ ಇಂಜೆನ್ ಎಂಬವರು ಆರಂಭಿಸಿದ ರುತ್ ಎಂಬ ಮೆಶ್ ದೇಹ ಬಂತು. ಅದರ ಬ್ಲೆಂಡರ್ ಮೂಲ ಫೈಲುಗಳು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿವೆ. ಸೆಕೆಂಡ್ ಲೈಫಿನಲ್ಲಿ ಹಿಂದೆ ಅವತಾರ ಪೂರ್ತಿ ಮೂಡದಿದ್ದಾಗ ಎಲ್ಲರೂ ಒಂದೇ ಹೆಣ್ಣುರೂಪದಲ್ಲಿ ಕಾಣುತ್ತಿದ್ದರು. ಹಳಬರು ಅವಳನ್ನು ರುತ್ ಎನ್ನುತ್ತಿದ್ದರು, ಈ ದೇಹಕ್ಕೆ ಬಂದದ್ದು ಅದೇ ಹೆಸರು. 2023ರಲ್ಲಿ ಲಿಂಡೆನ್ ಲ್ಯಾಬ್ ಕೂಡ ಸೆನ್ರಾ ಎಂಬ ದೇಹಗಳನ್ನು ಕಿಟ್ ಸಮೇತ ಕೊಟ್ಟಿತು. ತಡವಾದರೂ ಒಳ್ಳೆಯ ಕೆಲಸ.

ನನ್ನ ಇಳಕಲ್ ಸೀರೆಯ ಪಿಎಸ್‌ಡಿಯನ್ನು, ಚೌಕುಳಿ, ದಡಿ, ಮಡಿಕೆಯ ನೆರಳು ಎಲ್ಲ ಬೇರೆ ಬೇರೆ ಲೇಯರಿನಲ್ಲಿರುವಂತೆಯೇ ನಾನೂ ಹಂಚಿದ್ದೇನೆ. ಡಿಸೈನ್ ಕಸುಬಿನಲ್ಲಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಗಿರಾಕಿಯ ಕೆಲಸ ಗಿರಾಕಿಯದು, ಅದನ್ನು ಬಿಡಿ. ನಿಮ್ಮ ಸ್ವಂತ ಖುಷಿಗೆ ಮಾಡಿಟ್ಟ ಕಸೂತಿಯ ನಕ್ಷೆ, ದಡಿಯ ಮಾದರಿ, ರಂಗೋಲಿಯ ಬಳ್ಳಿ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇದ್ದೇ ಇರುತ್ತವೆ. ಆ ಡಿಸ್ಕ್ ಕೆಡುವ ಮೊದಲು ಅವುಗಳಲ್ಲಿ ಒಂದನ್ನಾದರೂ ಲೇಯರುಗಳನ್ನು ಒತ್ತದೆ, ನಿಮ್ಮ ಹೆಸರು ಮತ್ತು ಪರವಾನಗಿಯ ಎರಡು ಸಾಲನ್ನು ಜೊತೆಗಿಟ್ಟು, ಎಲ್ಲರಿಗೂ ಸಿಗುವ ಕಡೆ ಹಾಕಿ.