ಸಮುರಾಯಿ ಉಡುಪು ಬಿಟ್ಟು ಗೋಡೆ ಹಿಡಿದ ನಾರು

ಬೆಂಗಳೂರಿನ ಒಂದು ಹೋಟೆಲಿನ ಗೋಡೆ ನೋಡಿ ನಾವು ಒಮ್ಮೆ ನಕ್ಕಿದ್ದೆವು. ಬಣ್ಣದ ಬದಲು ಚಾಪೆಯಂಥದ್ದೇನನ್ನೋ ಅಂಟಿಸಿದ್ದರು. ಮೂರು ಅಡಿಗೊಂದು ಜೋಡು ಎದ್ದು ಕಾಣುತ್ತಿತ್ತು. ಒಂದು ಪಟ್ಟಿ ತುಸು ಗಾಢ, ಪಕ್ಕದ್ದು ತುಸು ತಿಳಿ. ಇಷ್ಟು ದುಡ್ಡು ಸುರಿದೂ ಕೆಲಸ ನೆಟ್ಟಗೆ ಮಾಡಿಸಿಲ್ಲವಲ್ಲ ಅಂದುಕೊಂಡೆವು. ಆಮೇಲೆ ಆ ವಸ್ತುವಿನ ಕಥೆ ಓದಿದಾಗ ತಪ್ಪು ನಮ್ಮದೇ ಅಂತ ಗೊತ್ತಾಯಿತು.

ಅದಕ್ಕೆ ಗ್ರಾಸ್‌ಕ್ಲಾತ್ ಎನ್ನುತ್ತಾರೆ. ಹೆಸರಿಗೆ ಹುಲ್ಲಿನ ಬಟ್ಟೆ. ಆದರೆ ಅದಕ್ಕೆ ಹೆಸರು ತಂದುಕೊಟ್ಟ ಜಪಾನಿನ ಕಾಕೆಗಾವಾ ಊರಿನಲ್ಲಿ ಅದನ್ನು ನೇಯುತ್ತಿದ್ದದ್ದು ಕುಜು ಎಂಬ ಕಾಡುಬಳ್ಳಿಯ ನಾರಿನಿಂದ. ನಮ್ಮ ಹುರುಳಿ, ಅವರೆಯ ಕುಟುಂಬಕ್ಕೇ ಸೇರಿದ ಬಳ್ಳಿ ಅದು.

ಕೆಲಸ ಹೇಗೆ ಅಂದರೆ, ಬೇಸಿಗೆಯಲ್ಲಿ ಎಳೆ ಬಳ್ಳಿ ಕೊಯ್ದು ಕುದಿಸಬೇಕು. ಆಮೇಲೆ ಹಸಿ ಹುಲ್ಲಿನ ಕೆಳಗೆ ಮುಚ್ಚಿಟ್ಟು ಕೊಳೆಯಲು ಬಿಡಬೇಕು. ಕೊಳೆತ ತೊಗಟೆಯನ್ನು ಹೊಳೆಯಲ್ಲಿ ತೊಳೆದು ತೆಗೆದರೆ ಒಳಗಿನ ನಾರು ಸಿಗುತ್ತದೆ. ಪುಂಡಿ, ಸೆಣಬನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ಆ ವಾಸನೆಯೂ ಗೊತ್ತು. ಆದರೆ ಮುಂದಿನ ಹೆಜ್ಜೆ ಬೇರೆ. ಹಗ್ಗಕ್ಕೆ ನಾವು ನಾರನ್ನು ಹೊಸೆಯುತ್ತೇವೆ. ಕಾಕೆಗಾವಾದವರು ಹೊಸೆಯುವುದಿಲ್ಲ. ನಾರನ್ನು ಉಗುರಿನಿಂದ ಸಣ್ಣಗೆ ಸೀಳಿ, ತುದಿಗೆ ತುದಿ ಗಂಟು ಹಾಕುತ್ತಾ ಹೋಗುತ್ತಾರೆ. ಹೊಸೆಯದ ಕಾರಣ ಎಳೆ ಚಪ್ಪಟೆಯಾಗಿ ಉಳಿದು ಬೆಳಕಿಗೆ ಮಿನುಗುತ್ತದೆ. ಹತ್ತಿ ಅಥವಾ ರೇಷ್ಮೆಯ ಹಾಸಿಗೆ ಇದನ್ನು ಹೊಕ್ಕಾಗಿ ಕೊಟ್ಟು ನೇಯುತ್ತಾರೆ. ಒಂದು ಗಜ ಬಟ್ಟೆಯಲ್ಲಿ ಎಷ್ಟು ಗಂಟು ಇರಬಹುದು, ನೀವೇ ಲೆಕ್ಕ ಹಾಕಿ.

ಎದೊ ಮತ್ತು ಕ್ಯೋಟೊ ನಡುವಿನ ಹೆದ್ದಾರಿಯ ಮೇಲೆ ಕಾಕೆಗಾವಾ ಒಂದು ತಂಗುದಾಣ. ಹಾಗಾಗಿ ಗಿರಾಕಿಗಳಿಗೆ ಬರವಿರಲಿಲ್ಲ. ಸಮುರಾಯಿ ಯೋಧರ ವಿಧ್ಯುಕ್ತ ಉಡುಪು, ಕುದುರೆ ಸವಾರಿಯ ಅಗಲ ಕಾಲಂಗಿ, ಎಲ್ಲವೂ ಈ ಬಟ್ಟೆಯಲ್ಲಿ ಆಗುತ್ತಿದ್ದವು.

1868ರಲ್ಲಿ ಮೇಜಿ ಆಡಳಿತ ಬಂತು. ಕೆಲವೇ ವರ್ಷಗಳಲ್ಲಿ ಸಮುರಾಯಿಗಳ ದರ್ಜೆಯೇ ಹೋಯಿತು, 1876ರಲ್ಲಿ ಕತ್ತಿ ಧರಿಸುವುದಕ್ಕೂ ನಿಷೇಧ ಬಿತ್ತು. ಯೋಧರ ಪಾಡು ಇತಿಹಾಸದ ಪುಸ್ತಕಗಳಲ್ಲಿದೆ. ಅವರ ಬಟ್ಟೆ ನೇಯುತ್ತಿದ್ದವರ ಪಾಡು? ಮಗ್ಗ ಇದೆ, ನಾರಿದೆ, ಉಡುವವರೇ ಇಲ್ಲ.

ಅವರು ಗೋಡೆಯನ್ನು ನೋಡಿದರು. ಜಪಾನಿನ ಮನೆಗಳ ಜಾರುಬಾಗಿಲಿಗೆ ಕಾಗದ, ಬಟ್ಟೆ ಅಂಟಿಸುವ ರೂಢಿ ಮೊದಲೇ ಇತ್ತು. ಕುಜು ಬಟ್ಟೆಯ ಬೆನ್ನಿಗೆ ಕಾಗದ ಅಂಟಿಸಿ ಅಲ್ಲಿಗೆ ಕೊಟ್ಟರು. ಅದೇ ಸರಕು ಹಡಗೇರಿ ಅಮೆರಿಕಕ್ಕೆ ಹೋಗಿ ಗ್ರಾಸ್‌ಕ್ಲಾತ್ ವಾಲ್‌ಪೇಪರ್ ಆಯಿತು. ಸಾಹುಕಾರರ ಬೈಠಕ್‌ಖಾನೆಗಳಲ್ಲಿ ಅದಕ್ಕೆ ಬೆಲೆ ಬಂತು.

ಅದೇ ಬಳ್ಳಿ 1876ರ ಫಿಲಡೆಲ್ಫಿಯಾ ಪ್ರದರ್ಶನದ ಮೂಲಕ ಅಂದದ ಗಿಡವಾಗಿ ಅಮೆರಿಕದ ನೆಲಕ್ಕೂ ಕಾಲಿಟ್ಟಿತ್ತು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲು ಅಲ್ಲಿನ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟು ನೆಡಿಸಿತು. ಈಗ ಅದು ದಕ್ಷಿಣದ ರಾಜ್ಯಗಳಲ್ಲಿ ಮರ, ಮನೆ, ವಿದ್ಯುತ್ ಕಂಬ ಎಲ್ಲವನ್ನೂ ಮುಚ್ಚುವ ಕಳೆ. ನಮ್ಮ ಲಂಟಾನದ ಹಾಗೆ. ಅದರ ನಾರನ್ನು ಮಾತ್ರ ಅವರು ಕಡಲಾಚೆಯಿಂದಲೇ ತರಿಸಿಕೊಂಡರು, ಏಕೆಂದರೆ ಬೇಕಾಗಿದ್ದದ್ದು ಬಳ್ಳಿಯಲ್ಲ, ಗಂಟು ಹಾಕುವ ಕೈ.

ಈಗ ಆ ಹೋಟೆಲಿನ ಜೋಡುಗಳಿಗೆ ಬರೋಣ. ಗ್ರಾಸ್‌ಕ್ಲಾತಿನ ಸುರುಳಿ ಸಾಮಾನ್ಯವಾಗಿ ಮೂರು ಅಡಿ ಅಗಲ. ಬಳ್ಳಿಯಿಂದ ಬಳ್ಳಿಗೆ ನಾರಿನ ಬಣ್ಣ ಬೇರೆ. ಅಚ್ಚು ಹಾಕಿದ ವಾಲ್‌ಪೇಪರಿನಲ್ಲಿ ಹೂವಿಗೆ ಹೂವು ಕೂಡಿಸಿ ಜೋಡನ್ನು ಅಡಗಿಸಬಹುದು. ಇಲ್ಲಿ ಕೂಡಿಸಲು ಚಿತ್ರವೇ ಇಲ್ಲ. ಅದಕ್ಕೇ ಪಳಗಿದ ಕೆಲಸಗಾರ ಜೋಡನ್ನು ಅಡಗಿಸಲು ಹೋಗುವುದಿಲ್ಲ, ಅದು ಎಲ್ಲಿ ಬೀಳಬೇಕು ಎಂದು ಮೊದಲೇ ಗೊತ್ತು ಮಾಡುತ್ತಾನೆ. ಗೋಡೆಯ ಅಗಲ ಅಳೆದು ಪಟ್ಟಿಗಳನ್ನು ಸಮ ಮಾಡಿಕೊಳ್ಳುತ್ತಾನೆ, ಮೂಲೆಯಲ್ಲಿ ನಾಲ್ಕು ಬೆರಳಿನ ತುಂಡು ಉಳಿಯಬಾರದು. ಸುರುಳಿಗಳನ್ನೆಲ್ಲ ಬಿಚ್ಚಿ ಹಗಲು ಬೆಳಕಿನಲ್ಲಿ ಬಣ್ಣ ನೋಡುತ್ತಾನೆ. ಗೋಡೆಗೆ ಮೊದಲು ಒಂದು ಬರಿ ಕಾಗದ ಅಂಟಿಸುತ್ತಾನೆ. ಅಂಟು ತೆಳುವಾಗಿರಬಾರದು, ಹೆಚ್ಚು ಹೊತ್ತು ನೆನೆಯಲೂಬಾರದು. ನೆನೆದರೆ ಬೆನ್ನಿನ ಕಾಗದ ಬಿಟ್ಟು ನಾರು ಕೈಗೆ ಬರುತ್ತದೆ. ಮುಖದ ಮೇಲೆ ಅಂಟಿನ ಒಂದು ಹನಿ ಬಿದ್ದರೂ ಕಲೆ ಉಳಿದೇ ಉಳಿಯಿತು, ಒರೆಸಿದರೆ ಇನ್ನೂ ಹರಡುತ್ತದೆ. ಬ್ಲೇಡು ಮೊಂಡಾಗುವ ಮೊದಲೇ ಬದಲಿಸಬೇಕು, ಇಲ್ಲದಿದ್ದರೆ ಅಂಚು ಸಿಬಿರೇಳುತ್ತದೆ. ಬಚ್ಚಲು, ಅಡುಗೆಮನೆಗೆ ಇದು ಬೇಡವೇ ಬೇಡ.

ಮುಂದೆ ಕೊರಿಯಾದಲ್ಲೂ ಈ ವಾಲ್‌ಪೇಪರ್ ತಯಾರಾಗತೊಡಗಿತು. ಆಮೇಲೆ ಪ್ಲಾಸ್ಟಿಕ್ ಬಂತು, ಹುಲ್ಲಿನಂತೆ ಕಾಣುವ ಅಚ್ಚಿನ ವಿನೈಲ್. ಅದಕ್ಕೆ ಕಲೆಯ ಭಯವೂ ಇಲ್ಲ, ಬಣ್ಣದ ವ್ಯತ್ಯಾಸವೂ ಇಲ್ಲ. ಕಾಕೆಗಾವಾದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಮಗ್ಗಮನೆಗಳು. ಚೀಲ, ಟೋಪಿ, ಬಾಗಿಲ ಪರದೆ ನೇಯುತ್ತಾರೆ.

ಇನ್ನೊಮ್ಮೆ ಅಂಥ ಗೋಡೆ ಕಂಡಾಗ ನಾವು ಬೆರಳಾಡಿಸಿ ನೋಡಿದೆವು. ಅಲ್ಲಲ್ಲಿ ಸಣ್ಣ ಉಬ್ಬು ಸಿಕ್ಕಿತು. ಪಕ್ಕದಲ್ಲಿದ್ದವರು ಅದು ಅಂಟಿನ ಗಡ್ಡೆ ಇರಬೇಕು ಅಂದರು. ಅಲ್ಲ, ಯಾರೋ ಕೂತು ಹಾಕಿದ ಗಂಟು.