ಮೊರಿಟಾ ಚಿಕಿತ್ಸೆ
ಜಪಾನಿನ ಮನೋವೈದ್ಯ ಮೊರಿಟಾ ಶೋಮಾ (1874–1938) ಸುಮಾರು 1919ರ ಹೊತ್ತಿಗೆ ರೂಪಿಸಿದ ಮನೋಚಿಕಿತ್ಸಾ ಕ್ರಮ. ಅತಿ ಆತಂಕ, ಜನರೆದುರು ಅಳುಕು, ಕಾಯಿಲೆಯ ಭಯ ಇರುವವರಿಗಾಗಿ ಹುಟ್ಟಿದ್ದು. ಯೌವನದಲ್ಲಿ ಮೊರಿಟಾ ಸ್ವತಃ ಇಂಥ ಆತಂಕ ಉಂಡವರು. ಅಂಜಿಕೆಯನ್ನು ಅದುಮಲು ಹೋದಷ್ಟೂ ಗಮನ ಅದರ ಮೇಲೇ ನೆಟ್ಟು ಅದು ಬಲಿಯುತ್ತದೆ ಎಂಬುದು ಅವರ ನಿಲುವು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದರೆ ಕೋತಿಯೇ ಕಣ್ಣೆದುರು ಕುಣಿಯುವ ನಮ್ಮ ಕಡೆಯ ಕಥೆಯಲ್ಲೂ ಇದೇ ತಿಳಿವಳಿಕೆ ಇದೆ. ಬಂದ ಭಾವವನ್ನು ಇದ್ದಂತೆಯೇ ಇರಗೊಡುವುದಕ್ಕೆ ಜಪಾನಿ ಭಾಷೆಯಲ್ಲಿ ‘ಅರುಗಮಮ’ ಎನ್ನುತ್ತಾರೆ.

ಮೂಲ ಕ್ರಮದಲ್ಲಿ ನಾಲ್ಕು ಹಂತಗಳಿವೆ. ಮೊದಲ ಒಂದು ವಾರ ರೋಗಿ ಒಂಟಿಯಾಗಿ ಹಾಸಿಗೆಯಲ್ಲಿ. ಓದು, ಹರಟೆ ಯಾವುದೂ ಇಲ್ಲ. ದುಗುಡ ಉಕ್ಕಿ ತಾನಾಗಿಯೇ ಇಳಿಯುವುದನ್ನು ಮಲಗಿದಲ್ಲೇ ಕಾಣಬೇಕು. ಬೇಸರ ಹತ್ತಿ ಕೈ ಕೆಲಸಕ್ಕೆ ತುಡಿದಾಗ ಎರಡನೆಯ ಹಂತ: ಅಂಗಳದ ಎಲೆ ಗುಡಿಸುವುದು, ಕಳೆ ಕೀಳುವುದು, ರಾತ್ರಿ ದಿನಚರಿ ಬರೆಯುವುದು. ಅದನ್ನು ಓದಿ ವೈದ್ಯರು ಟಿಪ್ಪಣಿ ಹಾಕುತ್ತಾರೆ. ಆಮೇಲೆ ಮೈಮುರಿಯುವ ದುಡಿಮೆ, ಕೊನೆಗೆ ಹಿಂದಿನ ಬದುಕು. ಎದೆ ಡವಗುಟ್ಟುತ್ತಿದ್ದರೂ ಮಾಡಬೇಕಾದ ಕೆಲಸ ಮಾಡುತ್ತಿದ್ದರೆ ಗುಣವಾದಂತೆಯೇ ಲೆಕ್ಕ. ಈ ಪದ್ಧತಿಯ ನಿಜವಾದ ಹೊಸತನ ಇರುವುದು ಇಲ್ಲೇ. ಈಗ ಇದನ್ನು ಹೊರರೋಗಿಗಳಿಗೂ ಕೊಡುವುದುಂಟು.