ದುಂಡನೆಯ ರಂಧ್ರವೂ ಉಗಿಯಂತ್ರವೂ

ಒಂದು ವಸ್ತುವಿನ ನಟ್ಟನಡುವೆ ದುಂಡನೆಯ ರಂಧ್ರವನ್ನು ಕೊರೆಯುವುದು ನೋಡುವವರಿಗೆ ಸುಲಭವೆಂದೇ ತೋರುತ್ತದೆ. ಪ್ಲಾಸ್ಟಿಕ್ ಹಲಗೆಯ ಮೇಲೆ ರೋಟರಿ ಟೂಲನ್ನು ಬರಿಗೈಯಲ್ಲಿ ಓಡಿಸಿ ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಗೆರೆಯನ್ನು ಎಷ್ಟೇ ಚೆನ್ನಾಗಿ ಎಳೆದಿದ್ದರೂ ಅಂಚು ವಕ್ರವಾಗುತ್ತದೆ. ಜೇಮ್ಸ್ ವಾಟ್‌ನ ಉಗಿಯಂತ್ರವು ವರ್ಷಗಟ್ಟಲೆ ತಡವಾದುದಕ್ಕೆ ಇಂತಹುದೇ ತೊಡಕು ಒಂದು ಮುಖ್ಯ ಕಾರಣವಾಗಿತ್ತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಅಪರೂಪ.

1712ರ ನ್ಯೂಕಾಮೆನ್ ಯಂತ್ರದಲ್ಲಿ ಸಿಲಿಂಡರಿನ ಒಳಮೈ ಓರೆಕೋರೆಯಾಗಿದ್ದರೂ ಕೆಲಸ ನಡೆಯುತ್ತಿತ್ತು. ಪಿಸ್ಟನ್ನಿನ ಮೇಲೆ ನೀರು ನಿಲ್ಲಿಸಿ ಸಂದುಗಳನ್ನು ಮುಚ್ಚುತ್ತಿದ್ದರು. ವಾಟ್ 1769ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿಯಾದರೋ ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಿ, ಸಿಲಿಂಡರನ್ನು ಸದಾ ಬಿಸಿಯಾಗಿಯೇ ಇಡಬೇಕಾಗಿತ್ತು. ಅಲ್ಲಿ ನೀರಿನ ಉಪಾಯ ಸಲ್ಲದು. ಸಿಲಿಂಡರ್ ದುಂಡಗಿಲ್ಲದಿದ್ದರೆ ಉಗಿ ಸೋರುತ್ತದೆ. ಜೊತೆಗೆ, ಹಣ ಹೂಡಿದ್ದ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದನು. ಮ್ಯಾಥ್ಯೂ ಬೌಲ್ಟನ್ ಪಾಲುದಾರನಾಗಿ ಬಂದನು, ಆದರೆ ಹಣದಿಂದ ಸಿಲಿಂಡರ್ ದುಂಡಗಾಗಲಿಲ್ಲ.

ಅಂದಿನ ಕೊರೆಯುವ ಯಂತ್ರಗಳ ದೋಷವೇನು? ಉದ್ದನೆಯ ದಂಡದ ಒಂದು ತುದಿಗೆ ಮಾತ್ರ ಆಧಾರವಿತ್ತು. ಇನ್ನೊಂದು ತುದಿಯ ಅಲಗು ಎರಕದ ಒಳಮೈಯನ್ನೇ ಆತುಕೊಂಡು ಸಾಗುತ್ತಿತ್ತು. ಆದ್ದರಿಂದ ಎರಕ ಎಲ್ಲಿ ಬಾಗಿತ್ತೋ ಅಲಗೂ ಅಲ್ಲಿಯೇ ಬಾಗುತ್ತಿತ್ತು. ತಿದ್ದಬೇಕಾದ ತಪ್ಪೇ ಅದಕ್ಕೆ ದಾರಿ ತೋರಿಸುತ್ತಿತ್ತು.

ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿ ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದನು. 1775ರಲ್ಲಿ ವೇಲ್ಸಿನ ಬರ್ಶಮ್‌ನಲ್ಲಿ ಸಿಲಿಂಡರಿಗಾಗಿ ಬೇರೆಯೇ ಯಂತ್ರವನ್ನು ನಿರ್ಮಿಸಿದನು. ದಂಡವನ್ನು ಸಿಲಿಂಡರಿನೊಳಗಿಂದ ಆಚೆಗೂ ಹಾಯಿಸಿ, ಎರಡೂ ತುದಿಗಳಿಗೆ ಭದ್ರ ಆಧಾರ ಕೊಟ್ಟನು. ಈಗ ಅಲಗು ಅನುಸರಿಸಿದ್ದು ಎರಕವನ್ನಲ್ಲ, ಸ್ಥಿರವಾದ ಅಕ್ಷವನ್ನು. 1776ರಲ್ಲಿ ಟಿಪ್ಟನ್ ಬಳಿಯ ಗಣಿಯಲ್ಲಿ 50 ಅಂಗುಲ ವ್ಯಾಸದ ಸಿಲಿಂಡರುಳ್ಳ ವಾಟ್ ಯಂತ್ರ ನೀರೆತ್ತತೊಡಗಿತು. ಆ ಸಿಲಿಂಡರಿನ ದೋಷ ಎಲ್ಲಿಯೂ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪವನ್ನು ಮೀರಿಲ್ಲವೆಂದು ಬೌಲ್ಟನ್ ಬರೆದನು.

ಪ್ಲಾಸ್ಟಿಕ್ ಹಲಗೆಗೂ ಇದೇ ನ್ಯಾಯ. ಕಣ್ಣು ಗೆರೆಯನ್ನು ಅನುಸರಿಸಿದರೆ ಕೈಯ ನಡುಕ ಅಂಚಿನಲ್ಲಿ ಮೂಡುತ್ತದೆ. ಆಯತಾಕಾರದ ಹಲಗೆಯಾದರೆ ಎರಡು ಕರ್ಣಗಳನ್ನೆಳೆದು ಕೇಂದ್ರವನ್ನು ಗುರುತಿಸಿ, ಅಲ್ಲೊಂದು ಸಣ್ಣ ತೂತು ಮಾಡಿ, ವೃತ್ತ ಕತ್ತರಿಸುವ ಜೋಡಣೆಯ ಮೊಳೆಯನ್ನು ಅದರಲ್ಲಿ ನಿಲ್ಲಿಸಬೇಕು. ಕೈವಾರದಂತೆ ಉಪಕರಣವು ಆ ಮೊಳೆಯ ಸುತ್ತ ತಿರುಗಲಿ. ತ್ರಿಜ್ಯವನ್ನು ಅಲಗಿನ ಹೊರ ಅಂಚಿನವರೆಗೆ ಅಳೆಯಿರಿ. ವೇಗ ಕಡಿಮೆಯಿರಲಿ, ಇಲ್ಲವಾದರೆ ಪ್ಲಾಸ್ಟಿಕ್ ಕರಗಿ ಅಲಗಿನ ಹಿಂದೆಯೇ ಮತ್ತೆ ಬೆಸೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಆಳಕ್ಕಿಳಿಯದೆ ಹಲವು ಸುತ್ತುಗಳಲ್ಲಿ ಕತ್ತರಿಸಿ.

ಒಂದು ಎಚ್ಚರಿಕೆಯುಂಟು. ಕೇಂದ್ರವಿರುವುದು ಕತ್ತರಿಸಿ ತೆಗೆಯುವ ಬಿಲ್ಲೆಯಲ್ಲಿಯೇ. ಕೊನೆಯ ಸುತ್ತಿನಲ್ಲಿ ಬಿಲ್ಲೆ ಸಡಿಲಗೊಂಡರೆ ಮೊಳೆಯೂ ಕದಲಿ, ಆವರೆಗಿನ ಶ್ರಮ ವ್ಯರ್ಥವಾದೀತು. ಆದಕಾರಣ ಬಿಲ್ಲೆಯನ್ನೂ ಹಲಗೆಯನ್ನೂ ಕೆಳಗಿನ ಮರದ ಹಲಗೆಗೆ ಎರಡು ಬದಿಯ ಅಂಟುಪಟ್ಟಿಯಿಂದ ಮೊದಲೇ ಬಿಗಿದಿಡಬೇಕು. ವಿಲ್ಕಿನ್ಸನ್ ದಂಡದ ಎರಡನೆಯ ತುದಿಗೆ ಆಧಾರ ಕೊಟ್ಟಿದ್ದೂ ಇದೇ ಉದ್ದೇಶದಿಂದ: ಕೆಲಸ ಮುಗಿಯುವವರೆಗೆ ನಡು ಕದಲಬಾರದು.